ಬಸಳೆ, ಎಟ್ಟಿ ಮತ್ತು ಲೂಯಿಸಿಯಾನ

ಉಡುಪಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಬರುವವರು ಪಣಂಬೂರು ಕಳೆದ ಮೇಲೆ ಕೂಳೂರಿನಲ್ಲಿ ಗುರುಪುರ ಹೊಳೆಯನ್ನು ದಾಟುತ್ತಾರೆ. 1952ರಲ್ಲಿ ಕಟ್ಟಿದ ಕಮಾನಿನ ಹಳೆ ಸೇತುವೆ, ಅದರ ಬದಿಗೆ ಆಮೇಲೆ ಬಂದ ಸೇತುವೆ, ಎರಡರ ಮೇಲೂ ಹಗಲಿರುಳು ಟ್ಯಾಂಕರು, ಲಾರಿ, ಬಸ್ಸು. ಕೆಳಗೆ ಹರಿಯುವ ನೀರನ್ನು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಫಲ್ಗುಣಿ ಎಂದೂ ಕರೆಸಿಕೊಳ್ಳುವ ಈ ಹೊಳೆಗೆ ಕಡಲು ಇಲ್ಲಿಂದ ಕೂಗಳತೆಯ ದೂರ. ಆದರೂ ಅದು ನೇರವಾಗಿ ಪಡುವಣಕ್ಕೆ ಹೋಗಿ ಸೇರುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಗಳ ಮರಳಿನ ಪಟ್ಟಿ ಅಡ್ಡ ಇರುವುದರಿಂದ ತೆಂಕಣಕ್ಕೆ ಹೊರಳಿ, ಸುಲ್ತಾನ್ ಬತ್ತೇರಿಯ ಪಕ್ಕದಲ್ಲಿ ಸಾಗಿ, ಹಳೆ ಬಂದರಿನ ಹತ್ತಿರ ನೇತ್ರಾವತಿಯನ್ನು ಕೂಡಿಕೊಂಡು ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಅಷ್ಟು ದೂರವೂ ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ, ಇಳಿತಕ್ಕೆ ಸಿಹಿನೀರು ಹೊರಗೆ ಹೋಗುತ್ತದೆ. ತುಳುವರು ಮರುವಾಯಿ ಎನ್ನುವ ಚಿಪ್ಪಿಮೀನು, ಎಟ್ಟಿ ಎನ್ನುವ ಸಿಗಡಿ, ಡೆಂಜಿ ಎನ್ನುವ ಏಡಿ, ಊರಿಗೆಲ್ಲ ಪ್ರಿಯವಾದ ಕಾಣೆ, ಇವೆಲ್ಲ ಬದುಕುವುದು ಈ ಬೆರಕೆ ನೀರಿನಲ್ಲಿ.

ಅಮೆರಿಕದ ಲೂಯಿಸಿಯಾನದ ಕೇಜನ್ ಅಡುಗೆಯ ಬಗ್ಗೆ ಬರೆಯಲು ಕೂತು ಹೊಳೆಯ ಸುದ್ದಿ ಎತ್ತಿದ್ದಕ್ಕೆ ಕಾರಣ ಇದೆ. ನಮ್ಮ ಕಡೆಯ ಎಷ್ಟೋ ಹುಡುಗರು ಅಮೆರಿಕದ ಬಂದರುಗಳಿಂದ ಹೊರಡುವ ಕ್ರೂಸ್ ಹಡಗುಗಳ ಅಡುಗೆಮನೆಗಳಲ್ಲಿ ದುಡಿಯುತ್ತಾರೆ. ರಜೆಗೆ ಊರಿಗೆ ಬರುವಾಗ ಚಾಕಲೇಟಿನ ಜೊತೆ ಒಂದು ಕೆಂಪು ಪುಡಿಯ ಡಬ್ಬಿಯೂ ಬರುತ್ತದೆ. ಈಗ ಅದು ಮಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲೂ ಸಿಗುತ್ತದೆ. ಕೋಳಿಗೆ ಸವರಿ ಹುರಿದರೆ ಕೇಜನ್ ಚಿಕನ್, ಬಟಾಟೆಗೆ ಉದುರಿಸಿದರೆ ಕೇಜನ್ ಪೊಟೇಟೊ. ರುಚಿಗೆ ತಕರಾರಿಲ್ಲ. ಆದರೆ ಆ ಅಡುಗೆ ಹುಟ್ಟಿದ್ದು ಡಬ್ಬಿಯಲ್ಲಲ್ಲ. ನಮ್ಮದರಂಥದೇ ಅಳಿವೆ, ಜೌಗು ನೆಲ, ಭತ್ತದ ಗದ್ದೆಗಳ ನಡುವೆ ಹುಟ್ಟಿದ ಅಡುಗೆ ಅದು. ಅದನ್ನು ಕೂಳೂರಿನ ಮನೆಯಲ್ಲಿ ಸರಿಯಾಗಿ ಮಾಡಬೇಕಾದರೆ ಡಬ್ಬಿಯನ್ನು ಮುಚ್ಚಿಟ್ಟು ಹೊಳೆಯ ಕಡೆಗೆ ಮುಖ ಮಾಡಬೇಕು ಎಂಬುದು ನನ್ನ ನಂಬಿಕೆ. ಹಾಗೆ ಮಾಡಿದವರಿಗೆ ತಮ್ಮ ಊರಿನ ಊಟವೂ ಹೊಸದಾಗಿ ಕಾಣುತ್ತದೆ.

ಮೊದಲು ಈ ಅಡುಗೆಯನ್ನು ಕಟ್ಟಿದವರ ಕಥೆ. ಇಂದಿನ ಕೆನಡಾದ ನೋವಾ ಸ್ಕೋಷಿಯಾ ಪ್ರದೇಶದಲ್ಲಿ ಅಕೇಡಿಯನ್ನರು ಎಂಬ ಫ್ರೆಂಚ್ ಮಾತಿನ ರೈತರಿದ್ದರು. ಕಡಲಿಗೆ ಒಡ್ಡು ಕಟ್ಟಿ ಜೌಗು ನೆಲವನ್ನು ಗದ್ದೆ ಮಾಡಿ ಗೋಧಿ ಬೆಳೆಯುತ್ತಿದ್ದರು. 1755ರಲ್ಲಿ ಬ್ರಿಟಿಷರು ಅವರನ್ನು ಮನೆಮಠ ಸುಟ್ಟು ಹಡಗು ಹತ್ತಿಸಿದರು. ಮುಂದಿನ ವರ್ಷಗಳಲ್ಲಿ ದಿಕ್ಕಾಪಾಲಾದ ಆ ಜನರಲ್ಲಿ ಒಂದಷ್ಟು ಮಂದಿ 1764ರಿಂದೀಚೆಗೆ ಮಿಸಿಸಿಪ್ಪಿ ನದಿಯ ಬಾಯಿಯ ಲೂಯಿಸಿಯಾನಕ್ಕೆ ಬಂದು ನೆಲೆ ನಿಂತರು. 1785ರಲ್ಲಿ ಏಳು ಹಡಗುಗಳಲ್ಲಿ ಇನ್ನೂ ಸುಮಾರು 1,600 ಮಂದಿ ಫ್ರಾನ್ಸಿನಿಂದ ಬಂದು ಸೇರಿಕೊಂಡರು. ಚಳಿ ನಾಡಿನ ಕೋಸು, ಟರ್ನಿಪ್ ತಿಂದು ಬೆಳೆದವರಿಗೆ ಎದುರಾದದ್ದು ಸೆಕೆ, ಸೊಳ್ಳೆ, ಮೊಸಳೆ, ಸಿಗಡಿ ಮತ್ತು ಏಡಿ. ಗೋಧಿ ಅಲ್ಲಿ ಏಳಲಿಲ್ಲ, ಅಕ್ಕಿ ಬಂತು. ಬೆಂಡೆಕಾಯಿ ಹಾಕಿ ಸಾರನ್ನು ದಪ್ಪ ಮಾಡುವ ಕ್ರಮವನ್ನು ಆಫ್ರಿಕಾದಿಂದ ಗುಲಾಮರಾಗಿ ಬಂದವರಿಂದ ಕಲಿತರು. ಸಸಾಫ್ರಸ್ ಮರದ ಎಲೆಯನ್ನು ಒಣಗಿಸಿ ಪುಡಿ ಮಾಡಿ ಹಾಕುವುದನ್ನು ಚೊಕ್ಟಾ ಬುಡಕಟ್ಟಿನವರಿಂದ ಕಲಿತರು. ಸ್ಪೇನಿನ ಆಳ್ವಿಕೆಯಲ್ಲಿ ಮೆಣಸಿನಕಾಯಿಯ ಬಳಕೆ ಗಟ್ಟಿಯಾಯಿತು. ಹೀಗೆ ನೆಲ ಕಳೆದುಕೊಂಡು ಬಂದವರು ಹೊಸ ನೆಲದಲ್ಲಿ ಸಿಕ್ಕಿದ್ದನ್ನು ನೆರೆಹೊರೆಯವರಿಂದ ಕಲಿತು ಬೇಯಿಸಿದ್ದೇ ಕೇಜನ್ ಅಡುಗೆ.

ಕೂಳೂರಿನ ಸುತ್ತಮುತ್ತಲಿನವರಿಗೆ ಈ ಕಥೆ ಪೂರ್ತಿ ಅಪರಿಚಿತವಾಗಲಾರದು. ನವಮಂಗಳೂರು ಬಂದರಿಗಾಗಿ ಪಣಂಬೂರು, ಬೈಕಂಪಾಡಿಗಳ ಕಡಲ ಬದಿಯ ಮನೆಗಳನ್ನು ಎಬ್ಬಿಸಿ, ಆ ಜನರನ್ನು ಕಾಟಿಪಳ್ಳ, ಕೃಷ್ಣಾಪುರಗಳ ಮುರಕಲ್ಲಿನ ಗುಡ್ಡಕ್ಕೆ ಸಾಗಿಸಲಾಯಿತು. 1974ರಲ್ಲಿ ಆ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ತೆಂಗಿನ ತೋಟ, ಬೈಲು ಗದ್ದೆ, ಮೀನು ಹಿಡಿಯುವ ಕಿನಾರೆ ಬಿಟ್ಟು ಗುಡ್ಡ ಹತ್ತಿದವರ ಮನೆಯ ಅಡುಗೆ ಹೇಗೆ ಬದಲಾಯಿತು, ಏನು ಉಳಿಯಿತು, ಏನು ಹೋಯಿತು ಎಂದು ಆ ಊರುಗಳ ಅಜ್ಜಿಯಂದಿರನ್ನು ಯಾರಾದರೂ ಕೂತು ಕೇಳಿ ಬರೆದಿಡಬೇಕು. ಅದಕ್ಕಿಂತ ಹಿಂದೆ ಗೋವೆಯಿಂದ ಇಳಿದು ಬಂದ ಸಾರಸ್ವತರು, ಕ್ರೈಸ್ತರು, ಅರಬ್ಬೀ ಕಡಲಿನ ವ್ಯಾಪಾರದ ನಂಟಿನ ಬ್ಯಾರಿಗಳು, ಮೊದಲಿಂದ ಇಲ್ಲೇ ಇದ್ದ ಮೊಗವೀರರು, ಬಿಲ್ಲವರು, ಬಂಟರು, ಎಲ್ಲರ ಒಲೆಯ ಮೇಲೂ ಬೆಂದದ್ದು ಇದೇ ಹೊಳೆಯ ಮೀನು. ಮಸಾಲೆ ಮಾತ್ರ ಮನೆಮನೆಗೆ ಬೇರೆ.

ಮಸಾಲೆಯ ಡಬ್ಬಿಯನ್ನು ಈಗ ಬಿಚ್ಚಿ ನೋಡಬಹುದು. ಅದರಲ್ಲಿ ಪ್ಯಾಪ್ರಿಕಾ, ಕೇಯನ್ ಮೆಣಸು, ಕಪ್ಪು ಮತ್ತು ಬಿಳಿ ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ನೀರುಳ್ಳಿ ಪುಡಿ, ಥೈಮ್, ಒರೆಗಾನೊ, ಉಪ್ಪು ಇರುತ್ತದೆ. ಪ್ಯಾಪ್ರಿಕಾದ ಕೆಲಸ ಬಣ್ಣ ಕೊಡುವುದು, ಖಾರ ಅಲ್ಲ. ನಮ್ಮಲ್ಲಿ ಆ ಕೆಲಸಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸು ಸುಕ್ಕು ಸುಕ್ಕಾಗಿ, ಗಾಢ ಕೆಂಪಾಗಿ, ಕಡಿಮೆ ಖಾರದಲ್ಲಿ ಹೆಚ್ಚು ಬಣ್ಣ ಬಿಡುತ್ತದೆ. ಕೇಯನ್ನಿನ ಜಾಗಕ್ಕೆ ನೇತ್ರಾವತಿ ದಡದ ಹರೇಕಳದ ಮೆಣಸು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಗುಂಟೂರಿನದು. ಕಾಳುಮೆಣಸಂತೂ ಪಶ್ಚಿಮ ಘಟ್ಟದ್ದೇ. ಹಣ್ಣಾದ ಕಾಳನ್ನು ನೀರಲ್ಲಿ ನೆನೆಸಿ ಸಿಪ್ಪೆ ತಿಕ್ಕಿ ತೆಗೆದರೆ ಬಿಳಿ ಮೆಣಸು. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂತು, ಘಟ್ಟದ ಕರಿಮೆಣಸು ಆ ಕಡೆಗೆ ಹೋಯಿತು. ಎರಡೂ ಮತ್ತೆ ಒಂದೇ ಪುಡಿಯಲ್ಲಿ ಕಲೆತಿವೆ.

ಥೈಮ್ ಮತ್ತು ಒರೆಗಾನೊ ಎಂದಾಗ ಹೆಚ್ಚಿನವರು ಕೈಚೆಲ್ಲುತ್ತಾರೆ. ಆದರೆ ಥೈಮಿನ ಘಾಟಿಗೆ ಕಾರಣವಾದ ಥೈಮಾಲ್ ಎಂಬ ಎಣ್ಣೆಯ ಅಂಶ ನಮ್ಮ ಓಮದಲ್ಲಿ ಧಾರಾಳ ಇದೆ. ಒರೆಗಾನೊಗೆ ವಾಸನೆ ಕೊಡುವ ಕಾರ್ವಕ್ರಾಲ್ ಅಂಗಳದ ಮೂಲೆಯಲ್ಲಿ ಬೆಳೆಯುವ ದೊಡ್ಡಪತ್ರೆಯಲ್ಲಿದೆ. ಮಕ್ಕಳಿಗೆ ಶೀತವಾದರೆ ಬಾಡಿಸಿ ರಸ ಹಿಂಡುವ, ತಂಬುಳಿಗೆ ಅರೆಯುವ ಆ ದಪ್ಪ ಎಲೆಯನ್ನು ಕ್ಯೂಬಾದ ಕಡೆಯವರು ಒರೆಗಾನೊದ ಹಾಗೆಯೇ ಅಡುಗೆಗೆ ಬಳಸುತ್ತಾರೆ. ಆರು ಚಮಚ ಬ್ಯಾಡಗಿ ಪುಡಿಗೆ ಒಂದು ಚಮಚ ಖಾರದ ಮೆಣಸಿನ ಪುಡಿ, ಎರಡು ಚಮಚ ಕಾಳುಮೆಣಸು, ಅರ್ಧ ಚಮಚ ಓಮ ಸಾಕು. ಓಮ ಕೊಂಚ ಹೆಚ್ಚಾದರೂ ಉಳಿದೆಲ್ಲವನ್ನೂ ನುಂಗಿ ಹಾಕುತ್ತದೆ. ಬೆಳ್ಳುಳ್ಳಿ, ನೀರುಳ್ಳಿ, ದೊಡ್ಡಪತ್ರೆಯನ್ನು ಪುಡಿಗೆ ಸೇರಿಸದೆ ಅಡುಗೆಯ ಹೊತ್ತಿಗೆ ಹಸಿಯಾಗಿಯೇ ಹಾಕಿ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಬೇಸಗೆಯ ಬಿಸಿಲಿಗೆ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಸಿನ ಒಣಗಿಸಿ ವರ್ಷಕ್ಕಾಗುವಷ್ಟು ಬಾಫತ್ ಪುಡಿ ಮಾಡಿಡುತ್ತಾರಲ್ಲ, ಆ ಅಭ್ಯಾಸವಿರುವ ಕೈಗೆ ಇದು ಏನೂ ಕಷ್ಟವಿಲ್ಲ.

ಇಷ್ಟಕ್ಕೂ ಲೋಕ ಈ ಪುಡಿಗೆ ಮರುಳಾದದ್ದು ತೀರಾ ಈಚೆಗೆ. ಓಪೆಲೂಸಸ್ ಎಂಬಲ್ಲಿ ಹದಿಮೂರು ಮಕ್ಕಳ ರೈತ ಮನೆಯಲ್ಲಿ ಕೊನೆಯವನಾಗಿ ಹುಟ್ಟಿದ ಪಾಲ್ ಪ್ರುಡೋಮ್ 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹೋಟೆಲು ತೆರೆದರು. ರೆಡ್‌ಫಿಶ್ ಎಂಬ ಮೀನಿನ ತುಂಡನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಮೆತ್ತಿ, ಕೆಂಡದಂತೆ ಕಾದ ಬೀಡಿನ ಕಾವಲಿಗೆ ಹಾಕಿ, ಮೇಲ್ಮೈ ಕಪ್ಪಾಗುವಂತೆ ಸುಡುವ ಅವರ ಕ್ರಮ ಅಮೆರಿಕವನ್ನೆಲ್ಲ ಹಬ್ಬಿತು. ಎಲ್ಲ ಹೋಟೆಲಿಗೂ ಅದೇ ರೆಡ್‌ಫಿಶ್ ಬೇಕಾಯಿತು. 1980ರ ದಶಕ ಮುಗಿಯುವುದರೊಳಗೆ ಮೆಕ್ಸಿಕೋ ಕೊಲ್ಲಿಯಲ್ಲಿ ಆ ಮೀನನ್ನು ಮಾರಾಟಕ್ಕೆ ಹಿಡಿಯುವುದಕ್ಕೆ ಸರ್ಕಾರ ತಡೆ ಹಾಕಬೇಕಾಯಿತು. ನಮ್ಮ ಮಸಾಲೆ ಫ್ರೈ ಮಾಡುವವರು ಈ ವಿಧಾನವನ್ನು ಬಂಗುಡೆಗೆ ಬಳಸಿ ನೋಡಬಹುದು, ಎಣ್ಣೆಯಂಶವಿರುವ ಬಂಗುಡೆ ಆ ಉರಿಯನ್ನು ತಡೆದುಕೊಳ್ಳುತ್ತದೆ. ಕಾಣೆಗೆ ಬೇಡ. ಅದರ ಮೃದು ಮಾಂಸಕ್ಕೆ ಉಪ್ಪು, ಹುಳಿ, ಮೆಣಸು ಮತ್ತು ರವೆಯ ತೆಳು ಹೊದಿಕೆಯೇ ಹೆಚ್ಚು.

ಕೇಜನ್ ಅಡುಗೆಯ ತಿರುಳು ಇರುವುದು ಗಂಬೋ ಎಂಬ ದಪ್ಪ ಸಾರಿನಲ್ಲಿ. ಅದರ ಬುಡ ರೂ. ಎಣ್ಣೆಯನ್ನೂ ಮೈದಾವನ್ನೂ ಸಮಸಮ ತೆಗೆದುಕೊಂಡು, ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಕೈ ಬಿಡದೆ ಅರ್ಧ ಮುಕ್ಕಾಲು ಗಂಟೆ ಮಗುಚುತ್ತಲೇ ಇರಬೇಕು. ಬಿಳಿ ಹಿಟ್ಟು ಹೊಂಬಣ್ಣವಾಗಿ, ಕಂದಾಗಿ, ಕೊನೆಗೆ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಏರಿದಷ್ಟೂ ಪರಿಮಳ ಏರುತ್ತದೆ, ಆದರೆ ಪಿಷ್ಟ ಒಡೆಯುವುದರಿಂದ ಸಾರನ್ನು ದಪ್ಪ ಮಾಡುವ ಶಕ್ತಿ ಇಳಿಯುತ್ತದೆ. ಅದಕ್ಕಾಗಿಯೇ ಕಪ್ಪು ರೂ ಹಾಕಿದ ಗಂಬೋಗೆ ಬೆಂಡೆಯದೋ ಸಸಾಫ್ರಸ್ ಪುಡಿಯದೋ ಲೋಳೆ ಜೊತೆಗೆ ಬೇಕಾಗುತ್ತದೆ. ಕೋರಿ ಸುಕ್ಕಕ್ಕೆ ಕಾಯಿತುರಿ ಹುರಿಯುವವರಿಗೆ ಈ ಹದ ಬಾಯಲ್ಲಿ ಹೇಳಿಕೊಡಬೇಕಿಲ್ಲ. ಪರಿಮಳ ಮೂಗಿಗೆ ಬಡಿಯುವ ಕ್ಷಣ, ಅದಾದ ಕೂಡಲೇ ಸೀಯುವ ಕ್ಷಣ, ಎರಡರ ನಡುವಿನ ಅಂತರ ಅವರ ಕೈಗೆ ಗೊತ್ತಿರುತ್ತದೆ. ಕಪ್ಪು ಚುಕ್ಕೆ ಕಂಡರೆ ಎಸೆದು ಹೊಸದಾಗಿ ಶುರು ಮಾಡಬೇಕು, ಕಹಿಯನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ.

ಲೋಳೆಯ ಮಾತಿಗೆ ಬಂದರೆ ನಮ್ಮ ಬಸಳೆ ನೆನಪಾಗಲೇಬೇಕು. ಬಾವಿಕಟ್ಟೆಯ ಪಕ್ಕದ ಚಪ್ಪರಕ್ಕೆ ಹಬ್ಬಿದ ಬಸಳೆಯ ದಂಟು ಬೆರಳುದ್ದ ತುಂಡು ಮಾಡಿ, ಎಟ್ಟಿಯೊಡನೆಯೋ ಮರುವಾಯಿಯೊಡನೆಯೋ ಬೇಯಿಸಿ, ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಹುಳಿ, ತೆಂಗಿನಕಾಯಿ ನುಣ್ಣಗೆ ಅರೆದು ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಗಸಿಯನ್ನು ತಿಂದವರಿಗೆ ಗಂಬೋ ಹೊಸತೆನಿಸುವುದಿಲ್ಲ. ಎರಡರಲ್ಲೂ ಅಳಿವೆಯ ಸಿಗಡಿ, ಎರಡರಲ್ಲೂ ಲೋಳೆಸೊಪ್ಪಿನ ಜಾರು, ಎರಡರಲ್ಲೂ ಹುರಿದ ಬುಡ, ಎರಡನ್ನೂ ಸುರಿದುಕೊಳ್ಳುವುದು ಅನ್ನಕ್ಕೆ. ಅಟ್ಲಾಂಟಿಕ್ಕಿನ ಆಚೆಯ ಜನಕ್ಕೂ ನಮಗೂ ಅಡುಗೆಯ ಯಾವ ನೇರ ಕೊಡುಕೊಳೆಯೂ ಇಲ್ಲದೆ, ಒಂದೇ ಬಗೆಯ ನೀರು ಒಂದೇ ಬಗೆಯ ಊಟವನ್ನು ಕೊಟ್ಟಿದೆ. ನನಗೆ ಇದು ಬಹಳ ದೊಡ್ಡ ಸಂಗತಿ.

ಹಾಗಾಗಿ ಮನೆಯಲ್ಲಿ ಗಂಬೋ ಮಾಡುವಾಗ ನಾನು ಬೆಂಡೆಗೆ ಬದಲು ಬಸಳೆ ಹಾಕುತ್ತೇನೆ. ಎಟ್ಟಿಯ ತಲೆ, ಸಿಪ್ಪೆ ಎಸೆಯಬಾರದು. ಅವನ್ನು ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ನೀರು ಹೊಯ್ದು ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಸಾರಿನ ಅರ್ಧ ರುಚಿ ಅಲ್ಲೇ ಸಿದ್ಧ. ರೂ ಬಣ್ಣಕ್ಕೆ ಬಂದ ಕೂಡಲೇ ಹೆಚ್ಚಿದ ನೀರುಳ್ಳಿ, ದೊಣ್ಣೆಮೆಣಸು ಸುರಿಯಬೇಕು. ತರಕಾರಿಯ ತೇವಕ್ಕೆ ರೂವಿನ ಬಿಸಿ ಇಳಿದು ಹಿಟ್ಟು ಮತ್ತೆ ಕಪ್ಪಾಗುವುದು ನಿಲ್ಲುತ್ತದೆ. ಲೂಯಿಸಿಯಾನದವರು ಈ ಎರಡರ ಜೊತೆಗೆ ಸೆಲರಿ ಹಾಕುತ್ತಾರೆ, ಇಲ್ಲಿ ಕೊತ್ತಂಬರಿ ಸೊಪ್ಪಿನ ದಂಟು ಆ ಜಾಗ ತುಂಬುತ್ತದೆ. ಆಮೇಲೆ ಬೆಳ್ಳುಳ್ಳಿ, ಪುಡಿ, ದೊಡ್ಡಪತ್ರೆಯ ಒಂದೆರಡು ಎಲೆ, ಸೋಸಿಟ್ಟ ನೀರು. ಬಸಳೆ ದಂಟು ಮೆತ್ತಗಾದ ಮೇಲೆ ಎಲೆ, ಕೊನೆಗೆ ಎಟ್ಟಿ. ಎಟ್ಟಿ ಐದು ನಿಮಿಷಕ್ಕಿಂತ ಹೆಚ್ಚು ಬೆಂದರೆ ರಬ್ಬರಾಗುತ್ತದೆ. ತೆಂಗಿನಹಾಲು ಸೇರಿಸಬೇಕೆಂದು ಕೈ ಹಾತೊರೆಯುತ್ತದೆ, ತಡೆಯಿರಿ. ಸೇರಿಸಿದರೆ ಅದು ಗಸಿಯೂ ಆಗದು, ಗಂಬೋವೂ ಆಗದು. ಅನ್ನಕ್ಕೆ ಕುಚ್ಚಲಕ್ಕಿಯೇ ಸರಿ. ಭತ್ತವನ್ನು ಬೇಯಿಸಿ ಒಣಗಿಸುವುದರಿಂದ ಕಾಳಿನ ಪಿಷ್ಟ ಗಟ್ಟಿಯಾಗಿ, ಸಾರಿನಲ್ಲಿ ನೆನೆದರೂ ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಲೂಯಿಸಿಯಾನದ ಅನೇಕ ಮನೆಗಳಲ್ಲಿ ಜಾಂಬಲಾಯಾ ಎಂಬ ಅನ್ನದ ಅಡುಗೆಗೂ ಇಂಥದೇ ಅಕ್ಕಿ ಬಳಸುತ್ತಾರೆ.

ಎಟ್ಟಿ ಅಳಿವೆಯಲ್ಲೇ ಯಾಕೆ ಇಷ್ಟು ಸಿಗುತ್ತದೆ ಎಂಬುದನ್ನೂ ತಿಳಿದಿರಬೇಕು. ಸಿಗಡಿ ಮೊಟ್ಟೆ ಇಡುವುದು ಕಡಲಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಉಬ್ಬರದ ಜೊತೆ ತೇಲಿ ಹೊಳೆಯ ಬಾಯಿಯೊಳಗೆ ಬರುತ್ತವೆ. ಕಾಂಡ್ಲಾ ಗಿಡಗಳ ಬೇರಿನ ನಡುವೆ, ಕೆಸರಿನಲ್ಲಿ, ದೊಡ್ಡ ಮೀನಿನ ಬಾಯಿಗೆ ಸಿಗದೆ ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೋಗುತ್ತವೆ. ಲೂಯಿಸಿಯಾನದ ಸಿಗಡಿಯ ಬದುಕೂ ಇದೇ ದಾರಿಯದು. ಅಲ್ಲಿಯವರು ಭತ್ತದ ಗದ್ದೆಯಲ್ಲಿ ಕ್ರಾಫಿಶ್ ಎಂಬ ಸಿಗಡಿಯಂಥ ಜೀವಿಯನ್ನು ಸಾಕುತ್ತಾರೆ, ನಮ್ಮವರು ಮಳೆಗಾಲದ ರಾತ್ರಿ ಬೈಲಿನಲ್ಲಿ ಟಾರ್ಚು ಹಿಡಿದು ಗದ್ದೆಯ ಏಡಿ ಹುಡುಕುತ್ತಾರೆ.

ಹೊರಗಿನಿಂದ ಬರುವವರಿಗೆ ಈ ಹೊಳೆಬದಿಯ ಊಟ ಸಿಗುವುದು ಹೇಗೆ? ಹೆದ್ದಾರಿ ಬದಿಯ ದೊಡ್ಡ ಹೋಟೆಲಿನ ಮೆನು ಕಾರ್ಡಿನಲ್ಲಿ ಬೆಣ್ಣೆ ಚಿಕನ್, ಗೋಬಿ ಮಂಚೂರಿ, ಮಧ್ಯದಲ್ಲೆಲ್ಲೋ ಒಂದು ನೀರ್‌ದೋಸೆ. ಬೆಂಗಳೂರಿನಿಂದ ಬಂದವರು ತಮಗೆ ಗೊತ್ತಿರುವ ಹೆಸರನ್ನೇ ಹುಡುಕುತ್ತಾರೆ, ಹೋಟೆಲಿನವರು ಅದನ್ನೇ ಬೇಯಿಸುತ್ತಾರೆ. ಮಂಗಳೂರಿನದೆಂದು ಹೇಳಿ ಬಡಿಸುವ ಘೀ ರೋಸ್ಟ್ ಕೂಡ ಕುಂದಾಪುರದ್ದು, ಅಲ್ಲಿಯ ಶೆಟ್ಟಿ ಲಂಚ್ ಹೋಮಿನಿಂದ ಹೆಸರಾದದ್ದು. ಊರಿನ ಊಟ ಬೇಕಾದವರು ಮಧ್ಯಾಹ್ನ ಒಂದು ಗಂಟೆಯ ಒಳಗೆ, ಲಾರಿ ಡ್ರೈವರುಗಳೂ ಬಂದರಿನ ಕೆಲಸಗಾರರೂ ಉಣ್ಣುವ ಸಣ್ಣ ಹೋಟೆಲಿಗೆ ಹೋಗಬೇಕು. ಮೆನು ಕೇಳದೆ, "ಇನಿ ವಾ ಮೀನ್ ಉಂಡು?" ಎಂದು ಕೇಳಬೇಕು. ಇವತ್ತು ಯಾವ ಮೀನಿದೆ ಎಂಬ ಆ ಪ್ರಶ್ನೆಗೆ ಬರುವ ಉತ್ತರ ದಿನದಿನಕ್ಕೆ ಬೇರೆ. ಕುಚ್ಚಲಕ್ಕಿ ಅನ್ನ, ಬೂತಾಯಿಯ ಪುಳಿಮುಂಚಿ, ಒಂದು ಪಲ್ಯ, ಉಪ್ಪಿನಕಾಯಿ. ಅದೃಷ್ಟವಿದ್ದರೆ ಮರುವಾಯಿ ಸುಕ್ಕ, ಅರ್ಧ ಚಿಪ್ಪಿನಲ್ಲಿ ಮಾಂಸ ಅಂಟಿಕೊಂಡ ಹಾಗೆಯೇ. ಮರುವಾಯಿ ಪುಂಡಿಯನ್ನು, ಎಂದರೆ ಅಕ್ಕಿಯ ಸಣ್ಣ ಉಂಡೆಗಳನ್ನು ಚಿಪ್ಪಿಮೀನಿನ ಮಸಾಲೆಯಲ್ಲಿ ಬೇಯಿಸಿದ್ದನ್ನು, ಹೋಟೆಲಿನಲ್ಲಿ ಹುಡುಕುವುದಕ್ಕಿಂತ ಯಾರದಾದರೂ ಮನೆಗೆ ಕರೆಸಿಕೊಳ್ಳುವುದು ಸುಲಭ.

ಕಾಲವನ್ನೂ ನೋಡಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಅಂಜಲು, ಮಾಂಜಿ ಕೇಳುವವರಿಗೆ ಸಿಗುವುದು ಮಂಜುಗಡ್ಡೆಯಲ್ಲಿಟ್ಟದ್ದೋ ಬೇರೆ ರಾಜ್ಯದಿಂದ ಬಂದದ್ದೋ. ಈ ಎರಡು ತಿಂಗಳು ಊರಿನ ನಾಲಿಗೆ ಬೇರೆ ಕಡೆ ತಿರುಗಿರುತ್ತದೆ. ಕೆಸುವಿನ ಎಲೆಯ ಪತ್ರೊಡೆ, ತಜಂಕು ಸೊಪ್ಪು, ಕಣಿಲೆ, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಬೇಸಗೆಯಲ್ಲಿ ಒಣಗಿಸಿಟ್ಟ ಮೀನಿನ ಚಟ್ನಿ. ತುಳುವರು ಆಟಿ ಎನ್ನುವ ಮಳೆಗಾಲದ ತಿಂಗಳ ಬಡತನವೇ ಈ ಅಡುಗೆಗಳನ್ನು ಕಲಿಸಿದ್ದು. ಇವತ್ತು ಆಟಿಯ ಉತ್ಸವಗಳ ವೇದಿಕೆಗಳಲ್ಲಿ ಇವನ್ನು ಬಡಿಸುವಾಗ ಅದನ್ನು ಮರೆಯಬಾರದು. ಮಳೆಯ ನೆರೆಗೆ ಹೊಳೆಯ ಉಪ್ಪು ಇಳಿದು ಮರುವಾಯಿ ಬಡವಾಗುತ್ತದೆ, ಎಷ್ಟೋ ಸಲ ಸಾಯುತ್ತದೆ. ನೀರು ತಿಳಿಯಾಗಿ ಉಪ್ಪೇರಿದ ಮೇಲೆ, ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೈಯಿಂದಲೇ ಬಾಚುವವರು ಮತ್ತೆ ಕಾಣಿಸುತ್ತಾರೆ. ಡಿಸೆಂಬರಿನಿಂದ ಮೇವರೆಗೆ ಅದರ ಹೊತ್ತು.

ಈ ಹೊಳೆ ಈಗ ಹೇಗಿದೆ ಎಂಬುದನ್ನು ಬಿಟ್ಟು ಅದರ ಮೀನಿನ ರುಚಿ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಲೂಯಿಸಿಯಾನದ ಪಾಡನ್ನೇ ಮೊದಲು ನೋಡಿ. ಮಿಸಿಸಿಪ್ಪಿಗೆ ಎರಡೂ ಬದಿ ಒಡ್ಡು ಕಟ್ಟಿ ಮಣ್ಣು ಹರಡದಂತೆ ಮಾಡಿದ್ದರಿಂದ, ತೈಲ ಕಂಪನಿಗಳ ಕಾಲುವೆಗಳು ಜೌಗನ್ನು ಸೀಳಿದ್ದರಿಂದ, 1932ರಿಂದೀಚೆಗೆ ಲೂಯಿಸಿಯಾನ ಸುಮಾರು 5,000 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಡಲಿಗೆ ಕಳೆದುಕೊಂಡಿದೆ. ಸಿಗಡಿ ಮರಿಗಳ ತೊಟ್ಟಿಲು ಅಷ್ಟರಮಟ್ಟಿಗೆ ಹೋಯಿತು. ನಮ್ಮ ಗುರುಪುರ ಹೊಳೆಯ ಎರಡೂ ದಡದಲ್ಲಿ ಕೈಗಾರಿಕೆ, ಗೋದಾಮು, ಬಡಾವಣೆ. ಮೇಲೆ ಮಳವೂರು ಕಿಂಡಿ ಅಣೆಕಟ್ಟಿನ ಬಳಿ ನೀರು ಕಪ್ಪಾಗಿ ಮೀನು ಸತ್ತು ತೇಲಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ರೋಗಾಣುಗಳೂ ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಮರಳು ಹೋಗುತ್ತದೆ, ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಮಾತ್ರ ಹೋಗುವುದಿಲ್ಲ. 1969ರಿಂದ ಮೀನುಗಾರಿಕೆ ಕಾಲೇಜು ಇರುವ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇರುವ ಊರು ಮಂಗಳೂರು. ಹೊಳೆಯ ಯಾವ ಭಾಗದ ಚಿಪ್ಪು ತಿನ್ನಲು ಯೋಗ್ಯ ಎಂಬುದನ್ನು ಪ್ರತಿ ತಿಂಗಳು ಪರೀಕ್ಷಿಸಿ, ಫಲಿತಾಂಶವನ್ನು ಮೀನು ಮಾರುಕಟ್ಟೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಲು ಬೇಕಾದ ವಿದ್ಯೆ ಇಲ್ಲೇ ಇದೆ. ಅದನ್ನು ಮಾಡಿಸುವ ಜವಾಬ್ದಾರಿಯನ್ನು ಪಾಲಿಕೆ ಹೊರಬೇಕು. ಅಲ್ಲಿಯವರೆಗೆ, ಮರುವಾಯಿ ಕೊಳ್ಳುವವರು ಮಾರುವವರನ್ನು ಎಲ್ಲಿ ಬಾಚಿದ್ದೆಂದು ಕೇಳಲಿ, ಚರಂಡಿ ಬಾಯಿಯ, ಕಾರ್ಖಾನೆಯ ಬದಿಯ ಚಿಪ್ಪನ್ನು ಬಿಡಲಿ, ಕುದಿಸಿದಾಗ ಬಾಯಿ ತೆರೆಯದ್ದನ್ನು ಆರಿಸಿ ತೆಗೆಯಲಿ.